ಎರಡಿಂಚು ಎತ್ತರಿಸಿದ ಜೀಪು

ಎಡಗಣ್ಣಿನ ನೋಟ ಕುಗ್ಗುತ್ತಿದೆ, ಇನ್ನು ರಸ್ತೆಯ ಮೇಲೆ ಗಾಡಿ ಓಡಿಸಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದ ಮೇಲೂ ನಮ್ಮ ಮಾವನವರು ಮೂರು ತಿಂಗಳು ಜೀಪು ಓಡಿಸಿದರು. ನಾಲ್ಕನೆಯ ತಿಂಗಳು ಒಂದು ಮಧ್ಯಾಹ್ನ, ಹುಬ್ಬಳ್ಳಿಯ ದೇಶಪಾಂಡೆ ನಗರದ ನಮ್ಮ ಮನೆಯ ತಿರುವಿನಲ್ಲೇ, ಎಡಗಡೆಯಿಂದ ಬಂದ ಸೈಕಲ್ಲು ಅವರಿಗೆ ಕಾಣಿಸಲಿಲ್ಲ. ಸೈಕಲ್ಲಿನವನು ಜಿಗಿದು ಬಚಾವಾದ. ಮಾವನವರು ಅವನನ್ನು ಕಟ್ಟೆಯ ಮೇಲೆ ಕೂರಿಸಿ ನೀರು ಕುಡಿಸಿದರು, ಸೊಟ್ಟಗಾದ ಹ್ಯಾಂಡಲ್ಲನ್ನು ತಾವೇ ಮೊಣಕಾಲಿನ ನಡುವೆ ಹಿಡಿದು ನೆಟ್ಟಗೆ ಮಾಡಿಕೊಟ್ಟರು. ಆಮೇಲೆ ಒಳಗೆ ಬಂದು, ನಾನು ಮಕ್ಕಳ ನೋಟ್‌ಬುಕ್ ತಿದ್ದುತ್ತ ಕೂತಿದ್ದ ಟೇಬಲ್ಲಿನ ಮೇಲೆ ಜೀಪಿನ ಕೀಲಿಕೈ ಇಟ್ಟರು.

"ನಾಳಿಂದ ನೀ ಹೊಡೀಬೇಕು, ಯವ್ವಾ."

"ನನಗ ಸ್ಕೂಟರ್ ಬಿಟ್ರ ಏನೂ ಬರೂದಿಲ್ಲ, ಮಾವಾರ."

"ನನಗೂ ಮೊದಲ ಚಕ್ಕಡಿ ಬಿಟ್ರ ಏನೂ ಬರ್ತಿದ್ದಿಲ್ಲ."

ನಾನು ಧಾರವಾಡದ ಮಾಸ್ತರರ ಮನೆತನದಲ್ಲಿ ಹುಟ್ಟಿದವಳು. ನಮ್ಮ ತವರಿನಲ್ಲಿ ಗಾಲಿ ಇರುವ ವಸ್ತು ಅಂದರೆ ಅಪ್ಪನ ಸೈಕಲ್ಲು, ಅಜ್ಜಿಯ ಹೊಲಿಗೆ ಯಂತ್ರ, ಅಷ್ಟೆ. ಮದುವೆಯಾಗಿ ಬಂದ ಮನೆ ಹೊಲ ಮನೆ ಇದ್ದವರದು. ಸುಳ್ಳ ಎಂಬ ಹಳ್ಳಿಯ ಆಚೆ ಕಪ್ಪು ಮಣ್ಣಿನ ಎರೆಹೊಲ. ಹತ್ತಿ, ಜೋಳ, ಕಡಲೆ. ನನ್ನ ಗಂಡನಿಗೆ ಪಾಳಿಯ ನೌಕರಿ, ಮೇಲಾಗಿ ಅವರಿಗೂ ಆ ಹಳೇ ಜೀಪಿಗೂ ಯಾವತ್ತೂ ಆಗಿಬಂದಿರಲಿಲ್ಲ. ಹತ್ತಿದರೆ ಸೊಂಟ ಹಿಡಿಯುತ್ತದೆ ಎನ್ನುತ್ತಿದ್ದರು. ನಾನು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ. ಶನಿವಾರ ಮುಂಜಾನೆಯ ಶಾಲೆ, ಹನ್ನೆರಡರ ಒಳಗೆ ಮನೆ. ಹಾಗಾಗಿ ಶನಿವಾರ ಮಧ್ಯಾಹ್ನ ಹೊಲಕ್ಕೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು.

ಕಲಿಸಿದವರು ಮಾವನವರೇ. ಮೊದಮೊದಲು ನನ್ನ ಗಂಡ ಗೊಣಗುತ್ತ ಸುಳ್ಳದವರೆಗೆ ಜೀಪು ತಂದುಕೊಡುತ್ತಿದ್ದರು. ಅಲ್ಲಿಂದಾಚೆಯ ಬಂಡಿದಾರಿಯಲ್ಲಿ ಮಾವನವರು ಪಕ್ಕದ ಸೀಟಿನಲ್ಲಿ ಕೂತು, ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಹೇಳಿಕೊಡುತ್ತಿದ್ದರು. ಒಂದು ಸಲವೂ ನನ್ನ ಕೈ ಮೇಲಿಂದ ಸ್ಟೇರಿಂಗ್ ಹಿಡಿಯಲಿಲ್ಲ. ನಾನು ತಿರುವಿನಲ್ಲಿ ತಿರುಗಿಸಿ, ಮತ್ತೆ ಹಾಗೇ ಜಗ್ಗಿ ನೆಟ್ಟಗೆ ಮಾಡಲು ಹೋಗಿ ಅತ್ತಿತ್ತ ಹೊಯ್ದಾಡಿದಾಗ ಮಾತ್ರ ನಗುತ್ತಿದ್ದರು.

"ಜಗ್ಗಬ್ಯಾಡ. ತಿರುಗಿಸು, ಬಿಡು. ಅಂಗೈಯಾಗ ಜಾರಾಕ ಬಿಡು. ಅದು ತಾನ ಮನಿಗೆ ಬರ್ತೈತಿ."

ಖರೇ ಹಾಗೇ ಆಗುತ್ತಿತ್ತು. ತಿರುವು ಮುಗಿಯುತ್ತಿದ್ದಂತೆ ಸ್ಟೇರಿಂಗ್ ಅಂಗೈಯೊಳಗೆ ಮೆಲ್ಲಗೆ ಜಾರಿ ತನ್ನ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಒಂದು ವರ್ಷದೊಳಗೆ ಆ ಜೀಪು ನನಗೆ ನನ್ನ ಸ್ಕೂಟರಿಗಿಂತ ಹೆಚ್ಚು ಪರಿಚಯವಾಯಿತು. ನನ್ನ ಶಾಲೆಯ ಮಕ್ಕಳು ಶನಿವಾರ ಗೇಟಿನಲ್ಲಿ ನಿಂತು, "ಅಕ್ಕಾರು ಜೀಪಿನ್ಯಾಗ ಹೊಂಟ್ರು" ಎಂದು ಕೈ ಬೀಸುವಷ್ಟು ಆಯಿತು.

ತೊಂದರೆ ಶುರುವಾದದ್ದು ಹೋದ ಮಳೆಗಾಲದಲ್ಲಿ. ಎರೆಮಣ್ಣಿನ ದಾರಿ ಮಳೆ ಬಿದ್ದರೆ ದಾರಿಯಾಗಿ ಉಳಿಯುವುದಿಲ್ಲ. ಟ್ರ್ಯಾಕ್ಟರಿನ ದೊಡ್ಡ ಗಾಲಿಗಳು ಎರಡು ಆಳದ ಕೊರಕಲು ಮಾಡಿ ಹೋಗಿರುತ್ತವೆ, ನಡುವೆ ಮಣ್ಣು ದಿಬ್ಬವಾಗಿ ಎದ್ದಿರುತ್ತದೆ. ಅಂಥ ಒಂದು ಶನಿವಾರ ಅತ್ತೆಯೂ ನಮ್ಮ ಜೊತೆಗಿದ್ದರು. ಹಿಂದಿನ ಸೀಟಿನಲ್ಲಿ ರೊಟ್ಟಿ ಬುತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಕೊರಕಲಿನಲ್ಲಿ ಇಳಿದ ಜೀಪಿನ ಹೊಟ್ಟೆ ದಿಬ್ಬಕ್ಕೆ ತಾಗಿ ಕೂತುಬಿಟ್ಟಿತು. ನಾಲ್ಕೂ ಗಾಲಿ ತಿರುಗುತ್ತವೆ, ಜೀಪು ಮಾತ್ರ ಅಲ್ಲಾಡುವುದಿಲ್ಲ. ನಾನು ಚಪ್ಪಲಿ ಬಿಚ್ಚಿ, ಸೀರೆ ಎತ್ತಿ ಕಟ್ಟಿ, ಮೊಣಕಾಲು ಮಟ ಕೆಸರಿನಲ್ಲಿ ಒಂದು ಮೈಲು ನಡೆದು ಟ್ರ್ಯಾಕ್ಟರ್ ಕರೆತಂದೆ. ಹೆಜ್ಜೆ ಹೆಜ್ಜೆಗೂ ಮಣ್ಣು ಪಾದಕ್ಕೆ ಮೆತ್ತಿ ಕಾಲು ಕಲ್ಲಿನಷ್ಟು ಭಾರವಾಗುತ್ತಿತ್ತು. ತಿರುಗಿ ಬರುವಷ್ಟರಲ್ಲಿ ಅತ್ತೆ ಜೀಪಿನೊಳಗೇ ಬುತ್ತಿ ಬಿಚ್ಚಿ, ಮಾವನವರಿಗೆ ರೊಟ್ಟಿ, ಶೇಂಗಾ ಚಟ್ನಿ ಬಡಿಸುತ್ತಿದ್ದರು. ಮಾವನವರು ಉಣ್ಣದೆ ನನ್ನ ಕಾಲುಗಳನ್ನೇ ನೋಡುತ್ತ ಕೂತಿದ್ದರು.

ದೀಪಾವಳಿ ಮುಗಿದ ಮೇಲೆ ಅವರು ಹೇಳಿದರು, "ಜೀಪು ಎತ್ತರ ಮಾಡಸ್ತೇನಿ."

ಹುಬ್ಬಳ್ಳಿಯ ಒಂದು ಗ್ಯಾರೇಜಿನವರು ಮಾಡಿಕೊಟ್ಟರು. ಜೀಪಿನ ಸ್ಪ್ರಿಂಗು ಅಂದರೆ ಒಂದರ ಕೆಳಗೊಂದು ಪೇರಿಸಿದ ಬಿಲ್ಲಿನಂಥ ಉಕ್ಕಿನ ಪಟ್ಟಿಗಳು. ಅದಕ್ಕೆ ಪಾಟಾ ಅನ್ನುತ್ತಾರೆ. ಅದಕ್ಕೊಂದು ಪಟ್ಟಿ ಹೆಚ್ಚಿಗೆ ಸೇರಿಸಿ, ಪಾಟಾ ತೂಗುಬಿಟ್ಟಿರುವ ಶಾಕಲ್ ಎಂಬ ಕಬ್ಬಿಣದ ಕೊಂಡಿಯನ್ನು ಉದ್ದ ಮಾಡಿದರು. ಜೀಪು ಎರಡಿಂಚು ಮೇಲೆದ್ದಿತು. ಕಳಿಸುವಾಗ, "ಗಾಲಿ ಅಲೈನ್‌ಮೆಂಟ್ ಮಾಡಿಸ್ಕೊಳ್ರಿ" ಎಂದು ಅವರು ಹೇಳಿದ್ದೂ ನಿಜ. ಮಾವನವರು ಕೇಳಿಸಿಕೊಂಡರು, ಅಷ್ಟೆ. ಅವರ ಲಕ್ಷ್ಯವೆಲ್ಲ ಎತ್ತರದ ಮೇಲಿತ್ತು. ಮನೆಯ ಮುಂದೆ ನಿಲ್ಲಿಸಿ, ಬಗ್ಗಿ ಬಗ್ಗಿ ಹೊಟ್ಟೆಯ ಕೆಳಗೆ ಕೈ ಹಾಕಿ ಗೇಣು ಹಾಕಿ ನೋಡಿದರು. ಅತ್ತೆ ಹೊರಗೆ ಬಂದು, ಕಾಲು ಎತ್ತಿ ನೋಡಿ, ಮತ್ತೆ ಇಳಿಸಿದರು.

"ಇದನ್ನ ಹತ್ತಾಕ ನಿಚ್ಚಣಿಕಿ ಬೇಕಲ್ರೀ."

"ಎರಡ ಇಂಚ ಐತಿ ನೋಡು."

"ನಿಮಗ ಎರಡಿಂಚು. ನನ್ನ ಮೊಣಕಾಲಿಗೆ ಎರಡು ಫೂಟು."

ಅವತ್ತಿನಿಂದ ಅಡುಗೆಮನೆಯ ಮರದ ಸ್ಟೂಲು ಜೀಪಿನ ಸಾಮಾನಾಯಿತು. ಅತ್ತೆ ಸ್ಟೂಲಿನ ಮೇಲಿಂದ ಹತ್ತುವುದು, ನಾನು ಸ್ಟೂಲನ್ನು ಒಳಗೆ ಹಾಕುವುದು, ಇಳಿಯುವಾಗ ಮತ್ತೆ ತೆಗೆದು ಇಡುವುದು.

ಮೊದಲ ಶನಿವಾರವೇ ನನಗೆ ಗೊತ್ತಾಯಿತು, ಜೀಪು ಮೊದಲಿನ ಹಾಗಿಲ್ಲ. ನೆಟ್ಟಗೆ ಹೋಗುವಾಗ ಸ್ಟೇರಿಂಗ್ ಸೊಟ್ಟಗೆ ನಿಲ್ಲುತ್ತಿತ್ತು. ಅದು ದೊಡ್ಡ ಮಾತಲ್ಲ. ದೊಡ್ಡ ಮಾತೆಂದರೆ ಅದು ರಸ್ತೆಯಲ್ಲಿ ಅಲೆಯುತ್ತಿತ್ತು. ಸ್ವಲ್ಪ ವೇಗ ಹಿಡಿದರೆ ಸಾಕು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಯಾರೋ ಮೂಗುದಾರ ಎಳೆದಂತೆ. ಒಂದು ಕಡೆ ತಿರುಗಿಸಿದರೆ ನಾನು ಸಾಕು ಅಂದ ಮೇಲೂ ಆ ಕಡೆಗೇ ಹೋಗುತ್ತಿತ್ತು. ತಿರುವಿನ ನಂತರ ಸ್ಟೇರಿಂಗ್ ತಾನಾಗಿ ತಿರುಗಿ ಬರುತ್ತಿರಲಿಲ್ಲ, ನಾನೇ ಜಗ್ಗಿ ತರಬೇಕಾಗಿತ್ತು.

"ಮಾವಾರ, ಗಾಡಿ ಎಳದಾಡಾಕತ್ತೈತಿ."

"ಗಾಡಿ ಏನಾಗಿಲ್ಲ. ನೀ ಎತ್ತರಕ್ಕ ಅಂಜಿ. ಸ್ಟೇರಿಂಗ್ ಕುತಗಿ ಹಿಚಕಿದಂಗ ಹಿಡದೀ ನೋಡು, ಸಡಲ ಬಿಡು."

ಸಡಲ ಬಿಟ್ಟೆ. ಜೀಪು ನೇರ ರಸ್ತೆಯ ಅಂಚಿನ ಮಣ್ಣಿಗೆ ಇಳಿಯಿತು. ಮತ್ತೆ ಬಿಗಿ ಹಿಡಿದೆ. ಮಾವನವರು ಗಂಟಲು ಸರಿಮಾಡಿಕೊಂಡರು. ಬೈಗುಳಕ್ಕಿಂತ ಅದು ಹೆಚ್ಚು ನೋಯಿಸಿತು. ಕಲಿಸಿದವರೇ ನಿನಗೆ ಬರುವುದಿಲ್ಲ ಅಂದರೆ ಯಾರ ಮುಂದೆ ವಾದ ಮಾಡುವುದು? ಎರಡನೆಯ ಶನಿವಾರ ಮುಗಿಯುವ ಹೊತ್ತಿಗೆ ನನಗೇ ನನ್ನ ಮೇಲೆ ಸಂಶಯ ಬಂದಿತ್ತು. ನಿಜವಾಗಿಯೂ ಎತ್ತರಕ್ಕೆ ಅಂಜಿದ್ದೇನೋ ಏನೋ ಎಂದು.

ಆ ಸೋಮವಾರ ಶಾಲೆ ಬಿಟ್ಟ ಮೇಲೆ, ಮನೆಯಲ್ಲಿ ಹೇಳದೆ ಜೀಪನ್ನು ಕಂಪ್ಯೂಟರಿನಲ್ಲಿ ಅಲೈನ್‌ಮೆಂಟ್ ನೋಡುವ ಅಂಗಡಿಗೆ ಒಯ್ದೆ. ನಾಲ್ಕೂ ಗಾಲಿಗೆ ಏನೇನೋ ಕಟ್ಟಿದರು. ಪರದೆಯ ಮೇಲೆ ಅಂಕಿಗಳು ಬಂದವು, ಕೆಲವು ಹಸಿರು, ಕೆಲವು ಕೆಂಪು. ಅಲ್ಲಿದ್ದವರು ಕೆಳಗಿನ ಸರಳುಗಳನ್ನು ತಿರುಗಿಸಿದಂತೆ ಒಂದೊಂದೇ ಕೆಂಪು ಹಸಿರಾಯಿತು. ಸೊಟ್ಟ ನಿಂತಿದ್ದ ಸ್ಟೇರಿಂಗೂ ನೆಟ್ಟಗಾಯಿತು. ಒಂದು ಸಾಲು ಮಾತ್ರ ಕೆಂಪಾಗಿಯೇ ಉಳಿಯಿತು.

"ಇದು?" ಎಂದು ಕೇಳಿದೆ.

"ಅದಕ್ಕ ನಿಮ್ಮ ಗಾಡ್ಯಾಗ ತಿರಗಸೂ ಬೋಲ್ಟ ಇಲ್ರಿ ಮೇಡಂ. ಹಳೇ ಜೀಪು, ಹಿಂಗ ಇರ್ತಾವ. ಹೊಡೀರಿ, ರೂಢಿ ಆಗ್ತೈತಿ."

ಅವರು ಕೊಟ್ಟ ಛಾಪಿಸಿದ ಚೀಟಿಯನ್ನು ಪರ್ಸಿನಲ್ಲಿ ಹಾಕಿಕೊಂಡು ಹೊರಟೆ. ಮೊದಲ ತಿರುವಿನಲ್ಲೇ ಗೊತ್ತಾಯಿತು, ಸ್ಟೇರಿಂಗ್ ಈಗಲೂ ತಿರುಗಿ ಬರುತ್ತಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಮಾವನವರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು, "ಕಂಪ್ಯೂಟರೂ ಪಾಸ್ ಮಾಡ್ತಲ್ಲ ಮತ್ತ" ಎಂದರು.

ಮರುದಿನ ಶಾಲೆಯಲ್ಲಿ ಬೋರ್ಡಿನ ಮೇಲ್ಭಾಗದಲ್ಲಿ ಬರೆಯಲು ಕೈ ಎತ್ತಿದರೆ ಭುಜ ಏಳಲಿಲ್ಲ. ಅರ್ಧ ಬೋರ್ಡಿನಿಂದ ಕೆಳಗೇ ಬರೆದೆ. ಮೂರನೆಯ ಶನಿವಾರ ಹೇಗೋ ಹೋಗಿ ಬಂದೆ. ಬರುವಾಗ ಎದುರಿಗೆ ಹತ್ತಿ ಹೇರಿದ ಟ್ರ್ಯಾಕ್ಟರು ಬಂತು. ಅದರ ಟ್ರೇಲರಿನಿಂದ ಹತ್ತಿ ಎರಡೂ ಕಡೆಗೆ ಉಬ್ಬಿ ಹೊರಗೆ ಚಾಚಿತ್ತು. ಪಕ್ಕಕ್ಕೆ ತಗೊಳ್ಳಲು ಎಡಕ್ಕೆ ತಿರುಗಿಸಿದೆ; ಜೀಪು ಅಲ್ಲಿಗೆ ನಿಲ್ಲದೆ ಕಾಲುವೆಯ ಕಡೆಗೆ ಹೊರಟಿತು. ಮೈಯೆಲ್ಲ ಹಾಕಿ ಜಗ್ಗಿದೆ. ಹತ್ತಿಯ ಹೊರೆ ಜೀಪಿನ ಕನ್ನಡಿಯನ್ನು ಸವರಿಕೊಂಡು ಹೋಯಿತು, ಕನ್ನಡಿಗೆ ಒಂದು ಹಿಡಿ ಬಿಳಿ ಅರಳೆ ಸಿಕ್ಕಿಕೊಂಡಿತು. ನಾನು ಗಾಡಿ ನಿಲ್ಲಿಸಿದೆ. ಮಾವನವರು, "ಲಗೂ ತಿರಗಸಬೇಕಾಗಿತ್ತು" ಎಂದರು. ಅವರ ಧ್ವನಿಯೂ ನಡುಗುತ್ತಿತ್ತು, ಅದು ನನಗೆ ಆಮೇಲೆ ನೆನಪಾಯಿತು. ಆಗ ಕಿವಿಗೆ ಬಿದ್ದದ್ದು ಮಾತು ಮಾತ್ರ.

ನಾಲ್ಕನೆಯ ಶನಿವಾರ ನಾನು, "ಪರೀಕ್ಷಾ ಪೇಪರ್ ಅದಾವ್ರಿ, ಬರಾಕ ಆಗೂದಿಲ್ಲ" ಎಂದೆ. ಪೇಪರು ಇರಲಿಲ್ಲ. ಇದ್ದಿದ್ದರೂ ತಿದ್ದುವುದಕ್ಕೆ ಭುಜ ಬಿಡುತ್ತಿರಲಿಲ್ಲ.

ಅತ್ತೆ ಅಡುಗೆಮನೆಯಲ್ಲಿ ನನ್ನನ್ನು ಹಿಡಿದರು. ಒಲೆಯ ಮೇಲೆ ಎಣ್ಣೆ ಬಿಸಿ ಮಾಡಿ, ನನ್ನನ್ನು ಮಣೆಯ ಮೇಲೆ ಕೂರಿಸಿ, ಕೇಳದೇ ಭುಜಕ್ಕೆ ತಿಕ್ಕತೊಡಗಿದರು. ನಮ್ಮ ಅತ್ತೆ ಮೆಚ್ಚುಗೆಯ ಮಾತು ಆಡುವವರಲ್ಲ. ಮದುವೆಯಾದ ಹೊಸತರಲ್ಲಿ ನಾನು ಬಡಿದ ರೊಟ್ಟಿ ನೋಡಿ, "ಭೂಪಟ ಛಲೋ ಬರಿತಿ" ಎಂದವರು.

"ಎಷ್ಟ ದಿನಾತು ಈ ನೋವು?"

"ಜೀಪು ಎತ್ತರ ಮಾಡಿಸಿದಾಗಿಂದರಿ. ಮಾವಾರು ನಾ ಹಿಡಿಯೂದ ಸರಿ ಇಲ್ಲ ಅಂತಾರ."

"ಅವರು ಅಂತಾರ." ಅತ್ತೆ ಹೆಬ್ಬೆರಳಿನಿಂದ ನೋವಿದ್ದ ಜಾಗವನ್ನೇ ಹುಡುಕಿ ಒತ್ತಿದರು. "ನಲವತ್ತ ವರ್ಷ ಆ ಜೀಪಿನ್ಯಾಗ ಕುಂತೇನಿ ನಾ. ಹಿಂದ ಕುಂತವರಿಗೆ ಯಾರು ಹೊಡ್ಯಾಕತ್ತಾರ ಅನ್ನೂದಕ್ಕಿಂತ ಗಾಡಿ ಹೆಂಗ ಹೊಂಟೈತಿ ಅನ್ನೂದು ಮೊದಲ ಗೊತ್ತಾಗ್ತೈತಿ. ನೀ ಹೊಡಿಯೂದು ಏನೂ ಬದಲ ಆಗಿಲ್ಲ. ಜೀಪ ಬದಲ ಆಗೇತಿ."

ನನಗೆ ಕಣ್ಣು ತುಂಬಿ ಬಂತು. ಎಣ್ಣೆಯ ಘಾಟಿಗೆ ಅಂದುಕೊಳ್ಳಲಿ ಎಂದು ಮುಖ ತಿರುಗಿಸಿದೆ.

ಮುಂದಿನ ಶನಿವಾರ ಮೂವರೂ ಹೊಲಕ್ಕೆ ಹೊರಟೆವು. ಸುಳ್ಳ ದಾಟಿ ಬಂಡಿದಾರಿಗೆ ಇಳಿದ ಕೂಡಲೇ ಅತ್ತೆ ಹಿಂದಿನಿಂದ, "ನಿಲ್ಲಸು" ಎಂದರು. ನಿಲ್ಲಿಸಿದೆ.

"ಇನ್ನ ನೀವ ಹೊಡೀರಿ" ಎಂದು ಗಂಡನಿಗೆ ಹೇಳಿದರು.

"ನಾನ? ಡಾಕ್ಟರು..."

"ಡಾಕ್ಟರು ರಸ್ತಾದ ಮ್ಯಾಲೆ ಬ್ಯಾಡ ಅಂದಾರ. ಇಲ್ಲೆ ಯಾರ ಅದಾರ? ಎರಡು ಹೊಲ, ನಾವು ಮೂರು ಮಂದಿ. ಮೆಲ್ಲಕ ಹೊಡೀರಿ. ಆಕೀಗೆ ಹೆಂಗ ಹಿಡೀಬೇಕು ಅಂತ ತೋರ್ಸ್ರಿ."

ಮಾವನವರು ಎರಡು ವರ್ಷದ ಮೇಲೆ ಆ ಸೀಟಿನಲ್ಲಿ ಕೂತರು. ಅವರ ಮುಖದ ಮೇಲೆ ಬಂದ ಖುಷಿ ನೋಡಿ ನನಗೆ ಪಾಪ ಅನ್ನಿಸಿತು. ಗೇರು ಹಾಕಿ ಹೊರಟರು. ನಡೆದು ಹೋಗುವವರಿಗಿಂತ ತುಸು ಜೋರು, ಅಷ್ಟೇ. ನೇರ ದಾರಿಯಲ್ಲಿ ಏನೂ ಗೊತ್ತಾಗಲಿಲ್ಲ. ನನ್ನ ಕಡೆ ಒಂದು ನೋಟ ನೋಡಿ, ಒಂದೇ ಕೈಯಲ್ಲಿ ಹಿಡಿದು ತೋರಿಸಿದರು. ಮುಂದೆ ದಾರಿ ಬಲಕ್ಕೆ ಹೊರಳುತ್ತದೆ. ಹೊರಳಿಸಿದರು. ಹೊರಳಿಸಿ, ತಮ್ಮ ರೂಢಿಯಂತೆ, ಅಂಗೈ ಸಡಲ ಬಿಟ್ಟು ಸ್ಟೇರಿಂಗ್ ಮನೆಗೆ ಬರಲಿ ಎಂದು ಕಾದರು.

ಅದು ಬರಲಿಲ್ಲ. ಜೀಪು ಹೊರಳುತ್ತಲೇ ಹೋಗಿ, ಬದು ಹತ್ತಿ, ಜಾಲಿ ಕಂಟಿಯೊಳಗೆ ಮುಖ ಹಾಕಿ ನಿಂತಿತು. ಒಂದೆರಡು ಮುಳ್ಳಿನ ಟೊಂಗೆಗಳು ಮುಂದಿನ ಗಾಜಿನ ಮೇಲೆ ಒರಗಿದವು. ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಹಿಂದಿನ ಸೀಟಿನಿಂದ ನಗು ಶುರುವಾಯಿತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು, ಮೈ ಕುಲುಕಿ ನಗುತ್ತಿದ್ದರು.

"ಛಲೋ ತೋರ್ಸಿದ್ರಿ ನೋಡ್ರಿ."

ಮಾವನವರು ನಗಲಿಲ್ಲ. ಇಳಿದು, ಮುಳ್ಳು ಸರಿಸಿ, ಮುಂದಿನ ಗಾಲಿಯ ಬಳಿ ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ನಾನು ಹತ್ತಿರ ಹೋದೆ.

"ಇದನ್ನ ಇಷ್ಟ ದಿನ ನೀ ಜಗ್ಗಿ ಜಗ್ಗಿ ತಂದೀಯೇನ?"

"ಹೌದ್ರಿ."

"ಕೈ ತೋರ್ಸು."

ತೋರಿಸಿದೆ. ಅಂಗೈಯಲ್ಲಿ ಎರಡು ಕಡೆ ಬೊಬ್ಬೆ ಎದ್ದು ಒಡೆದು ಗಟ್ಟಿಯಾಗಿತ್ತು. ಅವರು ಅದನ್ನು ಮುಟ್ಟಲಿಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ತಮ್ಮ ಮುಖ ಒರೆಸಿಕೊಂಡರು.

"ತಪ್ಪು ನಂದು, ಯವ್ವಾ. ನಾ ಅಂದದ್ದೆಲ್ಲಾ ಮರತಬಿಡು."

ನಮ್ಮ ಕಡೆ ಮಾವ ಸೊಸೆಗೆ ಹೀಗೆ ಹೇಳುವುದನ್ನು ನಾನು ಕೇಳಿರಲಿಲ್ಲ. "ಮುಳ್ಳು ಚುಚ್ಚೇತೇನ್ರಿ ನಿಮಗ?" ಎಂದು ಕೇಳಿದೆ.

ಮರುದಿನ ಭಾನುವಾರ. ಮಾವನವರು ನಸುಕಿನಲ್ಲೇ ಸ್ನಾನ ಮಾಡಿ, ಇಬ್ಬರೇ ಶಿರಗುಪ್ಪಿಗೆ ಹೋಗೋಣ ಎಂದರು. ಜೀಪಿನ ಹಳೇ ಮಿಸ್ತ್ರಿ ಅಲ್ಲಿದ್ದಾರೆ. ಹುಬ್ಬಳ್ಳಿಯಲ್ಲಿ ಬಹಳ ವರ್ಷ ಗ್ಯಾರೇಜು ನಡೆಸಿ, ಈಗ ತಮ್ಮೂರಿಗೆ ಹೋಗಿ, ಮನೆಯ ಮಗ್ಗುಲಿಗೆ ತಗಡಿನ ಚಪ್ಪರ ಹಾಕಿಕೊಂಡು ಟ್ರ್ಯಾಕ್ಟರು, ಪಂಪುಸೆಟ್ಟು ರಿಪೇರಿ ಮಾಡುತ್ತಾರೆ. ನಾನು ಮೆಲ್ಲಗೆ, ಎಡ ಅಂಚು ಹಿಡಿದು ಓಡಿಸಿದೆ. ಮಾವನವರು ದಾರಿಯುದ್ದಕ್ಕೂ, "ಅವಸರಿಲ್ಲ, ಅವಸರಿಲ್ಲ" ಎನ್ನುತ್ತಿದ್ದರು.

ಮಿಸ್ತ್ರಿ ಬೆಳ್ಳನೆಯ ಗಡ್ಡದ, ಸಣ್ಣ ಮೈಯ ಮನುಷ್ಯ. ಜೀಪನ್ನು ದೂರದಿಂದ ನೋಡಿದವರೇ ಕೈ ಒರೆಸಿಕೊಳ್ಳುತ್ತ ಬಂದು, "ಸಾವ್ಕಾರ್ರ, ಮುದಕಿಗೆ ಎತ್ತರ ಹಿಮ್ಮಡಿ ಚಪ್ಪಲಿ ಹಾಕ್ಸೀರಲ್ಲ!" ಎಂದರು. ಮಾವನವರು ಆಗಿದ್ದನ್ನು ಹೇಳಲು ಬಾಯಿ ತೆರೆದರು. ಮಿಸ್ತ್ರಿ ಕೈ ಅಡ್ಡ ಹಿಡಿದರು.

"ಹೊಡಿಯವರು ಯಾರು? ಅಕ್ಕಾರಲ್ಲ? ಅಕ್ಕಾರ, ನೀವ ಹೇಳ್ರಿ. ಏನ ಮಾಡ್ತೈತಿ ಇದು?"

ಅಷ್ಟು ದಿನದಲ್ಲಿ ನನ್ನನ್ನು ಹಾಗೆ ಕೇಳಿದವರು ಅವರೊಬ್ಬರೇ. ನಾನು ಎಲ್ಲ ಹೇಳಿದೆ. ಅಲೆಯುವುದು, ತಿರುಗಿ ಬರದಿರುವುದು, ಸಾಕು ಅಂದರೂ ಹೋಗುವುದು. ಪರ್ಸಿನೊಳಗಿನ ಚೀಟಿಯನ್ನೂ ಕೊಟ್ಟೆ. ಅವರು ಅದನ್ನು ಬಿಸಿಲಿಗೆ ಹಿಡಿದು ಓದಿ, ಕೆಂಪು ಸಾಲಿನ ಮೇಲೆ ಉಗುರು ಇಟ್ಟರು.

"ಯಂತ್ರ ಖರೇನ ಹೇಳೇತಿ. ಕೇಳವರು ಅರ್ಧಾ ಕೇಳ್ಯಾರ."

ಚಪ್ಪರದ ಕಂಬಕ್ಕೆ ಒರಗಿಸಿದ್ದ ಸೈಕಲ್ಲಿನ ಬಳಿ ನನ್ನನ್ನು ಕರೆದುಕೊಂಡು ಹೋದರು. "ಮುಂದಿನ ಗಾಲಿ ಹಿಡದಾವಲ್ಲ ಈ ಎರಡು ಕಾಲು, ನೆಟ್ಟಗ ನಿಂತಾವೇನು ನೋಡ್ರಿ. ಇಲ್ಲ. ಮ್ಯಾಲಿನ ತುದಿ ಹಿಂದಕ್ಕ ವಾಲೇತಿ. ಅದಕ್ಕ ಹುಡುಗೂರು ಕೈ ಬಿಟ್ಟು ಹೊಡದ್ರೂ ಸೈಕಲ್ ನೆಟ್ಟಗ ಹೋಗ್ತೈತಿ. ಜೀಪಿಗೂ ಅಷ್ಟ ವಾಲು ಬೇಕು. ಈಗ ಮುಂದಿನ ಶಾಕಲ್ ಉದ್ದ ಮಾಡಿದ್ರು, ಪಾಟಾದ ಮುಂದಿನ ತುದಿ ಕೆಳಗ ಇಳೀತು, ಅದರ ಕೂಡ ಎರಡೂ ಗಾಲಿ ಹಿಡದ ಆಕ್ಸಲ್ ಮುಂದಕ್ಕ ಹೊಳ್ಳಿತು. ವಾಲು ಹೋತು. ವಾಲು ಹೋದ ಮ್ಯಾಲೆ ಗಾಲಿಗೆ ಎತ್ತಲಾಗ ಹೋಗಬೇಕು ತಿಳಿಯೂದಿಲ್ಲ."

"ಬೋಲ್ಟ ಇಲ್ಲಂದ್ರಲ್ಲ?"

"ಬೋಲ್ಟ ಇಲ್ಲ ಖರೆ. ಬೆಣಿ ಹಾಕೂದು."

ಕಬ್ಬಿಣದ ಎರಡು ಬೆಣೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಪಾಟಾಕ್ಕೂ ಆಕ್ಸಲ್ಲಿಗೂ ನಡುವೆ ಅವನ್ನು ಕೂರಿಸಿದರೆ ಆಕ್ಸಲ್ಲು ಮತ್ತೆ ಹಿಂದಕ್ಕೆ ವಾಲುತ್ತದೆ. ಮಿಸ್ತ್ರಿ ಹಳೇ ಸಾಮಾನಿನ ಡಬ್ಬಿಯೊಳಗೆ ಕೈಯಾಡಿಸಿ ಲಾರಿಯ ಎರಡು ಬೆಣೆ ಹುಡುಕಿ ತೆಗೆದರು. ಗೌಂಡಿಗಳು ಗೋಡೆ ನೋಡುವ ತೂಕದ ಗುಂಡನ್ನು ದಾರಕ್ಕೆ ಕಟ್ಟಿ ಗಾಲಿಯ ಬಳಿ ಇಳಿಬಿಟ್ಟು, ಎಷ್ಟು ವಾಲು ಬೇಕೋ ನೋಡಿಕೊಂಡು, ಬೆಣೆಗಳನ್ನು ಉಜ್ಜುಗಲ್ಲಿಗೆ ಹಿಡಿದರು. ಕಿಡಿ ಹಾರಿದವು. ಇದಕ್ಕೆ ಎರಡು ತಾಸು ಬೇಕು, ಅಲ್ಲಿ ಬೇವಿನ ಗಿಡದ ಕೆಳಗೆ ಕೂಡ್ರಿ ಎಂದರು.

ಅತ್ತೆ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದೆ. ಮಾವನವರು ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದರು.

"ಯಾಕ ಎತ್ತರ ಮಾಡಿಸಿದೆ ಗೊತ್ತೈತೇನು?" ಎಂದರು ಒಮ್ಮೆಲೆ.

"ಕೊರಕಲಿನ್ಯಾಗ ಸಿಗಬಾರದು ಅಂತ."

"ಅವತ್ತ ನೀ ಬರಿಗಾಲಿಲೆ ಟ್ರ್ಯಾಕ್ಟರ್ ತರಾಕ ಹೋದೆಲ್ಲ. ನಾ ಜೀಪಿನ್ಯಾಗ ಕುಂತ ನೋಡಿದೆ. ಎರಡು ಸಲ ಬಿದ್ದಿ. ಎದ್ದಿ. ಹಿಂದ ಹೊಳ್ಳಿ ನೋಡ್ಲಿಲ್ಲ ನೀ. ನನಗ ಇಳಿಯಾಕ ಆಗ್ಲಿಲ್ಲ, ಕಣ್ಣು ಮಬ್ಬು, ಕೆಸರಿನ್ಯಾಗ ಕಾಲು ಎಲ್ಲಿಡ್ಲಿ. ಮಾಸ್ತರ ಮಗಳನ್ನ ತಂದು ರಾಡ್ಯಾಗ ಇಳಿಸಿದ್ನಲ್ಲ ಅನ್ನಿಸ್ತು." ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಇಟ್ಟರು. "ಛಲೋ ಆಗ್ಲಿ ಅಂತ ಮಾಡಿಸಿದ್ದು ಕೆಟ್ಟಿತು ಅಂತ ಒಪ್ಪಾಕ ಮನಸ್ಸ ಬರ್ಲಿಲ್ಲ. ಅದಕ್ಕ ನಿನ್ನ ಮ್ಯಾಲೆ ಹಾಕಿದೆ."

ಬಿದ್ದದ್ದನ್ನು ಯಾರೂ ನೋಡಿಲ್ಲ ಎಂದುಕೊಂಡಿದ್ದೆ. ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ಬೇಡ ಅನ್ನಲಿಲ್ಲ, ಉಂಡರು.

ಬೆಣೆ ಕೂತ ಮೇಲೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಮಿಸ್ತ್ರಿ ತಲೆಯಾಡಿಸಿದರು. ಒಂದು ಬದಲಿಸಿದರೆ ಉಳಿದವನ್ನೂ ಮತ್ತೆ ನೋಡಬೇಕಂತೆ. ಮುಂದಿನ ಎರಡು ಗಾಲಿಗಳು ಒಂದಕ್ಕೊಂದು ಸರಿಯಾಗಿವೆಯೋ ಎಂದು ಅಳೆಯಬೇಕು. ಗಾಲಿಗಳ ಮೇಲೆ ಗೆರೆ ಎಳೆಯಲು ಸೀಮೆಸುಣ್ಣ ಹುಡುಕಿದರು, ಸಿಗಲಿಲ್ಲ. ನನ್ನ ಪರ್ಸಿನಲ್ಲಿತ್ತು. ಜಾಕ್ ಹಚ್ಚಿ ಗಾಲಿ ತಿರುಗಿಸುತ್ತ ಟೈರಿನ ನಟ್ಟನಡುವೆ ಬಿಳಿ ಗೆರೆ ಎಳೆದರು, ಜೀಪು ಕೆಳಗಿಳಿಸಿದರು. ಇನ್ನು ಆ ಗೆರೆಯಿಂದ ಈ ಗೆರೆಗೆ ಟೇಪು ಹಿಡಿಯಬೇಕು, ಮೊದಲು ಗಾಲಿಯ ಮುಂಭಾಗದಲ್ಲಿ, ಆಮೇಲೆ ಹಿಂಭಾಗದಲ್ಲಿ.

"ನಾ ಹಿಡೀತೇನಿ, ನೀ ಓದು" ಎಂದರು ಮಾವನವರು.

ಅವರು ಎಡ ಗಾಲಿಯ ಬಳಿ, ನಾನು ಬಲ ಗಾಲಿಯ ಬಳಿ, ನೆಲಕ್ಕೆ ಮೊಣಕಾಲೂರಿ ಕೂತೆವು. ಮಿಸ್ತ್ರಿ ಕೆಳಗೆ ಮಲಗಿ ಸರಳು ತಿರುಗಿಸುತ್ತಿದ್ದರು. ಮುಂದಿನ ಅಳತೆ ಹಿಂದಿನದಕ್ಕಿಂತ ಮೂರು ಮಿಲಿಮೀಟರು ಕಡಿಮೆ ಬರಬೇಕು. ಮೊದಲ ಸಲ ಏಳು ಬಂತು, ಆಮೇಲೆ ಒಂದು, ಆಮೇಲೆ ನಾಲ್ಕು. ಪ್ರತಿ ಸಲವೂ ಮಾವನವರು ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಗೆರೆಯ ಮೇಲೆ ಒತ್ತಿ, ಉಸಿರು ಹಿಡಿದು, ನಾನು ಓದುವವರೆಗೆ ಅಲುಗಾಡುತ್ತಿರಲಿಲ್ಲ. ಕೊನೆಗೆ ಮೂರು ಬಂದಾಗ, "ಮತ್ತೊಮ್ಮೆ ನೋಡು" ಎಂದರು. ಮತ್ತೊಮ್ಮೆ ನೋಡಿದೆ. ಮೂರೇ. ಕೊನೆಯಲ್ಲಿ ಮಿಸ್ತ್ರಿ ಇನ್ನೊಂದು ಸರಳಿನ ಉದ್ದ ಸರಿಮಾಡಿ ಸ್ಟೇರಿಂಗ್ ನೆಟ್ಟಗೆ ನಿಲ್ಲಿಸಿದರು. ನಾವು ಹೊರಡುವ ಮುಂಚೆ ಮಾವನವರು ಅವರ ಕಿವಿಯಲ್ಲಿ ಏನೋ ಹೇಳಿದರು. ಮಿಸ್ತ್ರಿ ನಗುತ್ತ ಒಂದು ಕಬ್ಬಿಣದ ಪಟ್ಟಿ ತಂದು, ಹಿಂದಿನ ಬಾಗಿಲಿನ ಕೆಳಗೆ ಕಾಲಿಡಲು ಮೆಟ್ಟಿಲು ಬೆಸುಗೆ ಹಾಕಿದರು. ಅತ್ತೆಗೆ ಸ್ಟೂಲಿನ ಕಾಟ ತಪ್ಪಿತು.

ಊರ ಹೊರಗಿನ ಅಗಲ ದಾರಿಯಲ್ಲಿ ಮಿಸ್ತ್ರಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ನೋಡಿದೆ. ಮಾವನವರು ಹಿಂದೆ ಕೂತಿದ್ದರು. ತಿರುವಿನಲ್ಲಿ ತಿರುಗಿಸಿ, ಅಂಜುತ್ತಲೇ ಅಂಗೈ ಸಡಲ ಮಾಡಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಸ್ಟೇರಿಂಗ್ ಬೊಬ್ಬೆಯ ಮೇಲೆ ಉಜ್ಜುತ್ತ, ತಾನಾಗಿ, ಮೆಲ್ಲಗೆ ಜಾರಿ ಬಂದು ನೆಟ್ಟಗೆ ನಿಂತಿತು. ವೇಗ ಹೆಚ್ಚಿಸಿದೆ. ಜೀಪು ಗೆರೆ ಎಳೆದ ಹಾಗೆ ಹೋಯಿತು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಮಿಸ್ತ್ರಿ ಹಿಂದೆ ತಿರುಗಿ, "ಸಾವ್ಕಾರ್ರ, ಇಷ್ಟ ದಿನ ಇದನ್ನ ರಸ್ತಾದ ಮ್ಯಾಲೆ ಇಟ್ಟಾರ ಅಂದ್ರ ಅಕ್ಕಾರು ನಿಮಗಿಂತ ಛಲೋ ಡ್ರೈವರ್ ಅದಾರ" ಎಂದರು.

"ನನಗ ಗೊತ್ತೈತಿ. ನಾನ ಕಲಿಸೇನಿ" ಎಂದರು ಮಾವನವರು.

ಹದಿನೈದು ದಿನ ಬಿಟ್ಟು ಮತ್ತೆ ಹೋಗಿ ಬೋಲ್ಟುಗಳನ್ನು ಬಿಗಿ ಮಾಡಿಸಿಕೊಂಡು ಬಂದೆವು. ಭುಜದ ನೋವು ಸಂಕ್ರಾಂತಿಯ ಹೊತ್ತಿಗೆ ಹೋಯಿತು, ಬೋರ್ಡಿನ ಮೇಲ್ಭಾಗಕ್ಕೆ ಮತ್ತೆ ಕೈ ಹತ್ತಿತು. ಈ ಮಳೆಗಾಲದಲ್ಲಿ ಅದೇ ಕೊರಕಲನ್ನು ದಾಟಿದ್ದೇವೆ; ಹೊಟ್ಟೆ ತಾಗಲಿಲ್ಲ.

ಆದರೆ ನನಗೆ ಹೆಚ್ಚು ನೆನಪಿರುವುದು ಆ ಭಾನುವಾರ ಶಿರಗುಪ್ಪಿಯಿಂದ ತಿರುಗಿ ಬಂದ ದಾರಿ. ಸಂಜೆಯ ಬಿಸಿಲು ಎದುರಿಗಿತ್ತು. ಎರಡೂ ಕಡೆ ಕಡಲೆಯ ಹೊಲ ಹಸಿರಾಗಿ ಹರಡಿತ್ತು. ಲಾರಿ ಬಂತು ಎಂದಾಗಲಿ, ಗೇರು ಇಳಿಸು ಎಂದಾಗಲಿ ಪಕ್ಕದಿಂದ ಮಾತೇ ಬರಲಿಲ್ಲ. ಸಿಟ್ಟಾದರೇನೋ ಎಂದು ತಿರುಗಿ ನೋಡಿದರೆ, ಮಾವನವರ ತಲೆ ಬಾಗಿಲ ಕಡೆಗೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ನಿದ್ದೆ ಹೋಗಿದ್ದರು. ನಾನು ಸ್ಟೇರಿಂಗ್ ಹಿಡಿದಾಗ ಅವರು ಕಣ್ಣು ಮುಚ್ಚಿದ್ದು ಅದೇ ಮೊದಲು. ಹುಬ್ಬಳ್ಳಿಯ ಗದ್ದಲದೊಳಗೆ ಹಾರ್ನ್ ಹೊಡೆಯದೆ, ಗುಂಡಿಗಳನ್ನು ತಪ್ಪಿಸುತ್ತ ಬಂದೆ.

ಮನೆಯ ಮುಂದೆ ನಿಲ್ಲಿಸಿದಾಗಲೂ ಅವರು ಏಳಲಿಲ್ಲ. ಅತ್ತೆ ಗೇಟಿಗೆ ಬಂದರು. ನಾನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಒಂದು ಗಳಿಗೆ ಗಂಡನ ಮುಖ ನೋಡಿ, ಒಳಗೆ ಹೋಗಿ ಎರಡು ಕಪ್ ಚಹಾ ತಂದರು. ನಾವಿಬ್ಬರೂ ಕಟ್ಟೆಯ ಮೇಲೆ ಕೂತು, ಸದ್ದಾಗದಂತೆ ಚಹಾ ಕುಡಿದೆವು. ಬೀದಿಯ ಯಾವುದೋ ನಾಯಿ ಬೊಗಳಿದ ಮೇಲೆ ಮಾವನವರು ಬೆಚ್ಚಿ ಎದ್ದು, ಸುತ್ತ ನೋಡಿ, ಟೋಪಿ ಸರಿಮಾಡಿಕೊಂಡರು.

"ನಿದ್ದಿ ಆತೇನ್ರಿ?" ಎಂದು ಅತ್ತೆ ಕೇಳಿದರು.

"ಎಲ್ಲೀ ನಿದ್ದಿ? ರಸ್ತಾ ನೋಡಾಕತ್ತಿದ್ದೆ."

"ಹೌದ್ರಿ" ಎಂದೆ ನಾನು, "ದಾರಿ ತುಂಬಾ ನೋಡಿದ್ರು." ಅವರಿಗೆ ಚಹಾ ತರಲು ಒಳಗೆ ಹೋದೆ.